ಮೂರನೇದು

ಮುಳಗುಂದ ನಾಕಾದಾಗ ಗಾಡಿ ಹೊಳ್ಳೂಕಿಂತ ಮೊದಲಽ
ನನಗ ಗೊತ್ತಾಗಿತ್ತು, ಒಂದು ಹೊಡತ ತಪ್ಪೇತಿ.
ಬೆಟಗೇರಿ ಮಗ್ಗದ ಮನಿಯಾಗ ಹುಟ್ಟಿದ ಕಿವಿ ಇದು:
ನಿದ್ದಿಯೊಳಗೂ ಲಾಳಿ ಎಣಸತಿತ್ತು,
ಅದು ಒಂದು ಸಲ ಹಾರೂದು ಬಿಟ್ರ
ನನ್ನ ಹಾಸಿಗ್ಯಾಗ ಎಬ್ಬಿಸಿ ಕುಂದರಸತಿತ್ತು.

ಒಂದು, — , ನಾಕು, ಎರಡು.
ಒಂದು, — , ನಾಕು, ಎರಡು.
ಇಂಜಿನ್ನು ಹಿಂಗಽ ಎಣಸೂದು, ನಮ್ಮ ಸಾಲಿಯಂಗಲ್ಲ.

ಹೊಂಬಳದ ರೇಣವ್ವ ಇಳದ್ಲು. ಡಿಕ್ಕಿ ತುಂಬ ರೊಟ್ಟಿ ಡಬ್ಬಿ,
ಹನ್ನೆರಡಕ್ಕ ಹುಬ್ಬಳ್ಳಿ ಆಫೀಸು ಮುಟ್ಟಬೇಕು.
"ಮಿಸ್ತ್ರಿ, ನಿನ್ನಿ ಅಣ್ಣಿಗೇರಿ ದಾಟಿದಾಗಿಂದ ಬಿಕ್ಕಾಕತ್ತೇತಿ,
ನೀರು ಕುಡಿಸಿದ್ರ ನಿಂದ್ರೂ ಬಿಕ್ಕಲ್ಲ ಇದು."
ಡಬ್ಬಿ ಟಂಟಂದಾಗ ಸ್ಟೇಶನ್ನಿಗೆ ಕಳಿಸಿ
ಟಾಯರಿನ ಮ್ಯಾಲೆ ಕುಂತ್ಲು.

ಸ್ಕ್ಯಾನರ್ ಹಚ್ಚಿದೆ. ಮೂರನೇದು ಅಂತು.
ಪ್ಲಗ್ ಬದಲಿ ಮಾಡಿದೆ. ಮೂರನೇದು.
ಮೂರರ ಕಾಯಿಲ್ ಒಂದಕ್ಕ, ಒಂದರದು ಮೂರಕ್ಕ. ಮೂರನೇದು.
ಇಂಜೆಕ್ಟರ್ ತೊಳದೆ, ಕಂಪ್ರೆಶನ್ ನೋಡಿದೆ,
ಹುಸೇನಿ ಹೊಗಿ ಬಿಟ್ಟು ಗಾಳಿ ಸೋರೂದು ಹುಡುಕಿದ.
ಸಂಜೀಮಟ ಮೂರನೇದು, ಮೂರನೇದು,
ಹಟ ಹಿಡದ ಕೂಸಿನಂಗ.

ಉಳದದ್ದು ಬ್ಯಾಟರಿ ಹಿಂದ ಕುಂತ
ಅಂಗೈ ಅಗಲದ ಅಲ್ಯುಮಿನಿಯಂ ಪೆಟಿಗಿ.
ಕಂಪನಿಯವ್ರು ಫೋನಿನ್ಯಾಗ ಅಂದ್ರು ನಲವತ್ತೊಂದು ಸಾವಿರ,
ಹಾಕಿದ ಮ್ಯಾಲೆ ವಾಪಸ್ ತಗೊಳ್ಳಂಗಿಲ್ಲ.
ರೇಣವ್ವ ಬಟ್ಟು ಮಡಚಿ ಅದನ್ನ ರೊಟ್ಟಿ ಲೆಕ್ಕದಾಗ ಎಣಸಿದ್ಲು,
ನಡುವಽ ಬಿಟ್ಲು.

ಅಂಗಳದಾಗ ಅಂಥಾದ್ದಽ ಇನ್ನೊಂದು ನಿಂತಿತ್ತು,
ಅದಽ ಮಾಡೆಲ್, ಅದಽ ವರ್ಷ, ಬಣ್ಣ ಅಷ್ಟಽ ಬ್ಯಾರೆ.
ಬಾಂಡ್ ಬರಿಯೂ ಫಕ್ಕೀರೇಶಿ ವಸ್ತ್ರದ
ಎಸಿ ಗ್ಯಾಸಿಗೆ ಬಿಟ್ಟು ಹೋಗಿದ್ದ.
ಅವನ್ನ ಕೇಳಬೇಕಿತ್ತು.
ಫೋನ್ ಹಿಡದೆ. ಇಟ್ಟೆ.
ಕೈ ಹತ್ತು ನಂಬರ್ ಸ್ಪ್ಯಾನರಿಗೆ ಹೋತು.

ಮಂದಿ ಗಾಡಿ ಮೆದುಳು ತಗಿಯೂದು ಸಣ್ಣ ಕೆಲಸ,
ನಾಕು ಬೋಲ್ಟು, ಎರಡು ಸಾಕೆಟ್ಟು.
ಆದ್ರ ಅದು ತನ್ನ ಕೀಲಿಗಷ್ಟಽ ಒಲಿತೈತಿ,
ಹಿಂಡೂವಾಕಿ ಕೈ ಬದಲಾದ್ರ ಎಮ್ಮಿ ತೊರಿ ಬಿಡಲಾರದಂಗ.
ವಸ್ತ್ರದನ ಕೀಲಿ, ಅದಕ್ಕ ಜೋತ ಉಗುರು ಕತ್ತರಿ ಸುದ್ದಾ
ಸ್ಟೇರಿಂಗ್ ಬುಡಕ್ಕ ಟೇಪ್ ಸುತ್ತಿ,
ರೇಣವ್ವನ ಚಿಪ್ ಇಲ್ಲದ ಕೀಲಿಲೆ ತಿರುವಿದೆ.

ಒಂದು, ಮೂರು, ನಾಕು, ಎರಡು.

ಹುಸೇನಿ ಶಿಳ್ಳಿ ಹೊಡದ.
ನಾ ಮುಳಗುಂದ ಹಾದಿ ಹಿಡದೆ,
ಕಪ್ಪತಗುಡ್ಡದ ಗಾಳಿ ಫ್ಯಾನು ಕಾಣೂಮಟ.
ಸಾಲಿನ್ಯಾಗ ಒಂದು ತಿರಗೂದು ಬಿಟ್ಟು ನಿಂತಿತ್ತು.
ಅದು ನನ್ನ ಕೆಲಸಲ್ಲ ಅಂತ ಹೊಳ್ಳಿ ಬಂದೆ.
ಹಾದಿ ತುಂಬ ಉಗುರು ಕತ್ತರಿ ಟಿಣ್ ಟಿಣ್ ಅಂತಿತ್ತು,
ನಾ ಹೇಳತೀನಿ, ನಾ ಹೇಳತೀನಿ ಅನ್ನೂವಂಗ.

"ನಲವತ್ತೊಂದು ಸಾವಿರ" ಅಂದ್ಲು ರೇಣವ್ವ.
ಒಂದು ನಿಮಿಷ ತಡಿ ಅಂದೆ.
ಆಕಿ ಕೆಟ್ಟ ಮೆದುಳು ವಸ್ತ್ರದನ ಗಾಡಿಗೆ ಹಾಕಿದೆ.
ಬಿಕ್ಕಬೇಕಿತ್ತು.
ಬಿಕ್ಕಲಿಲ್ಲ.
ಯಾರ್ಯಾರದು ಅವರವರಿಗೆ ಹೊಳ್ಳಿ ಹಾಕಿದೆ.
ಎರಡೂ ನುಣ್ಣಗ, ಎಣ್ಣಿ ಹಚ್ಚಿದ ಲಾಳಿಯಂಗ.
ಯಾವ ಪಿನ್ನಿನ ಯಾವ ಹಸರು ಕಿಲುಬು
ತಗದು ಹಾಕೂ ತಿಕ್ಕಾಟದಾಗ ಉದುರಿತೋ!
ಟಾರ್ಚ್ ಹಿಡದು ಹುಡುಕಿದೆ. ತಾಮ್ರ ಮಿಂಚಿತು, ಅಷ್ಟಽ.

"ಏನಾಗಿತ್ತು, ಮಿಸ್ತ್ರಿ?"
ಗೊತ್ತಿಲ್ಲ ಯವ್ವಾ ಅಂದೆ.
ಮೂವತ್ತೊಂದು ವರ್ಷ ಗಿರಾಕಿ ಮುಂದ ನುಂಗಿದ ಮಾತು
ಅವತ್ತ ಹೊರಗ ಬಂತು.
"ಗೊತ್ತಿಲ್ಲ ಅನ್ನೂದಕ್ಕ ಎಷ್ಟಾತು?"
ಬಿಲ್ ಬುಕ್ಕಿನ್ಯಾಗ ಬರದೆ:
ಬಿಚ್ಚಿದ್ದು, ಹಾಕಿದ್ದು. ಐದುನೂರು.
ಮ್ಯಾಲೆ ಹುಸೇನಿಗೆ ಎರಡು ಖಡಕ್ ರೊಟ್ಟಿ, ಅಗಸಿ ಹಿಂಡಿ.

ಮರುದಿನ ವಸ್ತ್ರದ ಬಂದ. ಗ್ಯಾಸಿನ ರೊಕ್ಕದಾಗ
ಇನ್ನೂರು ಬಿಟ್ಟೆ.
ಬಾಂಡ್ ಬರಿಯೂ ಮನಶ್ಯಾ,
ಹಚ್ಚಿದ್ದಕ್ಕಿಂತ ಬಿಟ್ಟದ್ದರ ಮ್ಯಾಲೆ ಸಂಶಯ ಜಾಸ್ತಿ.
"ಯಾಕ ಕಡಿಮಿ?"
ಬಾನೆಟ್ಟಿನ ಮ್ಯಾಲೆ ಕೈ ಇಟ್ಟು ಅಂದೆ:
"ನಿಮ್ಮ ಗಾಡಿ ಭಾಳ ಶಾಣ್ಯಾ ಐತ್ರಿ."